ಕರಗದ ಮಣ್ಣೆತ್ತು

ದಾಕ್ಷಾಯಿಣಿ ಬೆಳೆದ ಮನೆಯಲ್ಲಿ ಬಿರುಕಿಲ್ಲದ ಗೋಡೆ ಒಂದೂ ಇರಲಿಲ್ಲ. ರೋಣದ ಕಡೆಯ ಎರೆಭೂಮಿ ಮಳೆಗೆ ಉಬ್ಬುತ್ತಿತ್ತು, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತಿತ್ತು. ಮನೆಗಳು ಅದರೊಡನೆ ಏರಿಳಿದು ಸೀಳುತ್ತಿದ್ದವು. ಅಂಥದೊಂದು ಗೋಡೆ ಮಲಗಿದ್ದ ಅವಳ ಅಪ್ಪನ ಮೇಲೆ ಬಿದ್ದಿತ್ತು.

ಎರಡು ಸಾವಿರದ ಐವತ್ತೆಂಟರಲ್ಲಿ, ಅದೇ ಊರಲ್ಲಿ, ವಿಜ್ಞಾನಿಯಾಗಿದ್ದ ಅವಳು ಪಾಯದ ಮಣ್ಣು ಗಟ್ಟಿ ಮಾಡಲು ಕಂಡುಹಿಡಿದ ‘ಕಟ್ಟುಬೂದಿ’ ಕೆಲಸ ಮಾಡುತ್ತಿತ್ತು. ವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ, ಜೊತೆಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಒಂದು ಹರಳು. ಎರೆಮಣ್ಣಿನ ಕಣ ಪದರ ಪದರವಾಗಿರುತ್ತದೆ. ನೀರು ನಡುವೆ ನುಗ್ಗಿ ಉಬ್ಬಿಸುತ್ತದೆ. ಹರಳು ಆ ಪದರಗಳನ್ನೇ ಬೆಸೆಯುತ್ತಿತ್ತು. ಹೆಪ್ಪು ಹಾಕಿದ ಹಾಲಿನಂತೆ, ಬೆಸೆದ ಮಣ್ಣು ಪಕ್ಕದ ಮಣ್ಣನ್ನೂ ಬೆಸೆಯುತ್ತ ಹೋಗುತ್ತಿತ್ತು, ತೇವ ಇರುವವರೆಗೆ. ಅದಕ್ಕೇ ಪಾಯದ ಸುತ್ತ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಸುತ್ತಿದ್ದರು. ಹಾಳೆಯಾಚೆ ಸಲಿಕೆ ತೊಳೆಯಲೂ ಬಿಡುತ್ತಿರಲಿಲ್ಲ.

ಮಣ್ಣಿನ ಎತ್ತು ಮಾಡಿ ಪೂಜಿಸಿ ನೀರಿಗೆ ಬಿಡುವ ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ಚಿಗವ್ವ ಸಂಗವ್ವ ಒದ್ದೆ ಸೆರಗಿನಲ್ಲಿ ಏನೋ ಹಿಡಿದು ಬಂದಳು.

“ನೋಡವಾ ದಾಕ್ಷಿ, ಈ ಸಲ ನನ್ನ ಎತ್ತು ಕರಗೇ ಇಲ್ಲ! ನೀರು ಸೇದುವಾಗ ಕೊಡದಾಗ ಬಂತು. ಕೋಡು ಹೆಂಗದಾವ ನೋಡು.”

ದಾಕ್ಷಾಯಿಣಿ ಎತ್ತನ್ನು ಒತ್ತಿದಳು. ಉಗುರು ಇಳಿಯಲಿಲ್ಲ.

“ಮಣ್ಣು ಎಲ್ಲೀದು, ಚಿಗವ್ವಾ?”

“ನಿನ್ನ ಪಾಯದ್ದ, ಬೂದಿ ಕಲಸಿದ್ದು. ಬೆಣ್ಣಿ ಆಗಿತ್ತು. ಓಣಿ ಮಂದಿಯೆಲ್ಲಾ ಅದರದ್ದ ಮಾಡ್ಯಾರ. ಯಾಕ, ಒಂದು ಹಿಡಿ ಮಣ್ಣಿಗೂ ಜಿಪುಣತನಾ ಏನ್ ನಿಂದು?”

“ಪೂಜಿ ಆದ ಮ್ಯಾಲೆ ಎಲ್ಲಿ ಬಿಟ್ರಿ?”

“ಎಲ್ಲಿ ಬಿಡ್ತಾರ? ಬಾವ್ಯಾಗ.”

ಅವಳೂ ಚಿಕ್ಕಂದಿನಲ್ಲಿ ಅದೇ ಬಾವಿಗೆ ಎತ್ತು ಬಿಟ್ಟವಳು. ಹಾಳೆಯ ಲೆಕ್ಕ ಹಾಕುವಾಗ ಎತ್ತು ನೆನಪಾಗಿರಲಿಲ್ಲ.

ಬಾವಿಯ ಒರತೆಗಳು ಮುಚ್ಚಿದ್ದವು. ದಂಡೆಯಾಚೆ ಹಾರೆ ಹಾಕಿಸಿದಳು, ಪುಟಿಯಿತು. ಇನ್ನಷ್ಟು ದೂರ ಹೋಗಿ ಹಾಕಿಸಿದಳು, ಪುಟಿಯಿತು. ತೇವ ಮುಗಿದಲ್ಲಿ ಹರಳು ನಿಂತಿತ್ತು. ಅಲ್ಲಿಂದ ಮುಂದೆ ಕಾಲು ಇಳಿಯುವಷ್ಟು ಅಗಲದ ಬಿರುಕುಗಳು, ಊರ ಹೊಲಗಳ ತುಂಬ ಒಂದಕ್ಕೊಂದು ಕೂಡಿಕೊಂಡಿದ್ದವು. ಎರೆ ಮಳೆ ಕುಡಿಯುವುದು ಆ ಬಾಯಿಗಳಿಂದಲೇ. ಮಳೆಯ ತೇವ ಹಿಡಿದು ಅವು ಬೆಸೆದುಕೊಂಡರೆ ಜೋಳ ಬೇರಿಳಿಸುವುದೆಲ್ಲಿ?

“ಸುತ್ತಲೂ ಕಾಲುವಿ ತೋಡ್ರಿ! ಹಾಳಿ ತರ್ರಿ!” ದಾಕ್ಷಾಯಿಣಿ ಕೂಗಿದಳು.

ಸಂಗವ್ವ ಪಡುವಣದ ಮೋಡಕ್ಕೆ ಕೈ ಮುಗಿದಳು. “ಮಾಡ ಕಟ್ಟೇತಿ ನೋಡ. ಎತ್ತಿನ ಪೂಜಿ ಫಲಾ ಕೊಡ್ತು.”

ಮಳೆ ಬಾರದಿರಲಿ ಎಂದು ದಾಕ್ಷಾಯಿಣಿ ಬೇಡಿಕೊಂಡಳು. ಆ ಸೀಮೆಯಲ್ಲಿ ಯಾರೂ ಬೇಡದ ಬೇಡಿಕೆ. ಕಾಲುವೆ ಅರ್ಧ ಆಗುವಷ್ಟರಲ್ಲಿ ಮೊದಲ ಹನಿ ಅವಳ ಕೈಯಲ್ಲಿದ್ದ ಎತ್ತಿನ ಮೇಲೆ ಬಿದ್ದು ಜಾರಿಹೋಯಿತು.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಹರಳು ತೇವ ಹಿಡಿದು ಹೊಲದಿಂದ ಹೊಲಕ್ಕೆ ಹಬ್ಬಿತು. ಪದರವಿಲ್ಲದ ಮರಳನ್ನು ಹರಳು ಬೆಸೆಯಲಾರದು. ಹಳ್ಳದ ಮರಳು ಸಿಕ್ಕಲ್ಲಿ ನಿಂತಿತು. ಬಿರುಕನ್ನು ಅವಳು ರೋಗವೆಂದುಕೊಂಡಿದ್ದಳು, ನಾವು ಇವತ್ತು ಅಂದುಕೊಂಡಿರುವಂತೆಯೇ. ಊರಲ್ಲಿ ಒಂದು ಗೋಡೆಯೂ ಬಿರಿಯಲಿಲ್ಲ. ಹೋದದ್ದು ಒಂದು ಬಾವಿ, ಮುನ್ನೂರ ಹದಿನಾರು ಎಕರೆ ಎರೆ.