ಗೂಡ್ಸ್ ಶೆಡ್ಡಿನ ಉಳಿಗುರುತು

"ಮೇಡಮ್, ಅಲ್ಲೇ ನಿಂತ್ಕಳಿ. ಮೇಲೆ ನೋಡ್ಬೇಡಿ."

ಹಾಗೆಂದರೆ ಯಾರು ತಾನೇ ನೋಡದೆ ಇರುತ್ತಾರೆ? ಪಾಂಡವಪುರ ಸ್ಟೇಷನ್ನಿನ ಹಿಂದಿರುವ ಹಳೇ ಗೂಡ್ಸ್ ಶೆಡ್ಡಿನ ಅಟ್ಟದ ಮೇಲೆ ಶಿವಶಂಕರ್ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವರ ಕಾಲ ಕೆಳಗಿದ್ದದ್ದು ಗೆದ್ದಲು ತಿಂದ ಹಲಗೆ.



ಅವರು ಕಿಕ್ಕೇರಿಯ ಬಡಗಿ. ಸೋಮವಾರ ಈ ಸೂರನ್ನು ಬಿಚ್ಚಲು ಬಂದವರು. ನಾನು ಥೀಸಿಸ್ಸಿಗಾಗಿ ಈ ಊರಿನ ಮೊಟ್ಟಮೊದಲ ನಿಲ್ದಾಣ ಎಲ್ಲಿತ್ತೆಂದು ಹುಡುಕುತ್ತ ದಿನವೂ ಶ್ರೀರಂಗಪಟ್ಟಣದಿಂದ ಬರುವವಳು. ಮೂರು ದಿನದ ಹಿಂದೆ ನೋಟ್‌ಬುಕ್ಕಿನಲ್ಲಿ 'ಇದೇ ಆ ಕಟ್ಟಡ' ಎಂದು ಬರೆದಿದ್ದೆ. ಅವರು ಹೆಗಲ ಹಿಂದಿನಿಂದ ಓದಿ ನಕ್ಕಿದ್ದರು.

"ಇದಲ್ಲ ಕಣ್ರೀ. ಈ ಗೀರು ನೋಡಿ. ನಮ್ ತಾತದೀರು ಸೂರನ್ನ ನೆಲದ ಮೇಲೆ ಜೋಡ್ಸಿ, ಉಳೀಲಿ ಗುರ್ತು ಹಾಕಿ, ಬಿಚ್ಚಿ, ಆಮೇಲೆ ಗೋಡೆಗೆ ಏರುಸ್ತಿದ್ರು. ಒಂದು ಗೀರಿರೋ ತೊಲೆ ಈಶಾನ್ಯ ಮೂಲೆಗೇ ಬರಬೇಕು. ಇಲ್ಲಿ ನೈಋತ್ಯದಲ್ಲೈತೆ. ಎಲ್ಲಿಂದಲೋ ಬಿಚ್ಕಂಡ್ ಬಂದು ಹಿಂದುಮುಂದಾಗಿ ಕೂರುಸವ್ರೆ."

ಸೂರು ತಿರುಗಿ ಕೂತಿದೆಯೆಂದರೆ, ಅದನ್ನು ಹೊತ್ತಿದ್ದ ಮೊದಲ ನಿಲ್ದಾಣ ಹಳಿಯ ಆಚೆ ಬದಿಯಲ್ಲಿ, ಇತ್ತ ಮುಖ ಮಾಡಿ ನಿಂತಿರಬೇಕು. ಖಾತ್ರಿಯಾಗಲು ನಾಲ್ಕು ಮೂಲೆಗಳ ಗುರುತೂ ಬೇಕಿತ್ತು. ಅವರು ದಿನಕ್ಕೊಂದು ಮೂಲೆಯಂತೆ ನೋಡಿ ಹೇಳುತ್ತ ಬಂದರು. ಇವತ್ತು ನಾಲ್ಕನೆಯದು.

ನಾನು ಬರೆಯುವಾಗ ನೋಡುತ್ತಾರೆ. ತಲೆ ಎತ್ತಿದರೆ, ಆಗಲೇ ಹರಿತವಾಗಿರುವ ಉಳಿಯನ್ನು ಮತ್ತೆ ಮಸೆಯುತ್ತಾರೆ.

"ಅದು ಸವೆದು ಹೋಗುತ್ತೆ," ಎಂದೆ ಒಮ್ಮೆ.

"ಹೋಗ್ಲಿ ಬುಡಿ. ಇನ್ನೊಂದೈತೆ."

ಇವತ್ತು ಬೆಳಿಗ್ಗೆ ಬೀರು ತೆಗೆದು, ಯಾವ ಸೀರೆ ಎಂದು ಯೋಚಿಸುತ್ತಿದ್ದೇನೆಂದು ತಿಳಿದ ಕೂಡಲೇ ಬಾಗಿಲು ಮುಚ್ಚಿಬಿಟ್ಟೆ. ಎರಡು ವರ್ಷ ನಾನು ಯಾವುದನ್ನೂ ಆರಿಸಿರಲಿಲ್ಲ. ನನ್ನ ಗಂಡ ಯೋಗೇಶ್ ಬೈಕಿನಲ್ಲಿ ಬೆಳ್ಳೂರು ಕ್ರಾಸಿಗೆ ಹೋದವರು ಜೀವಂತವಾಗಿ ಹಿಂದಿರುಗಲಿಲ್ಲ. ಅಂದಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅದು ಒಂಥರಾ ಸುಖವೇ ಆಗಿತ್ತು. ಕಳೆದುಕೊಳ್ಳಲು ಏನೂ ಇರಲಿಲ್ಲ.

ಮೇಲೆ ಹಲಗೆ ಚಟಾರೆಂದಿತು.

ಧೂಳು ಸುರಿಯಿತು. ಸದ್ದಿಲ್ಲ.

"ಶಿವೂ!"

ನನ್ನ ದನಿಯೇ ಅದು. ಧೂಳಿನೊಳಗೆ ಎರಡು ಕಾಲು ನೇತಾಡಿದವು. ಅವರು ತೊಲೆಯನ್ನು ತಬ್ಬಿಕೊಂಡು ಗೋಡೆಯತ್ತ ಸರಿದು, ಏಣಿಗೆ ಕಾಲು ಸಿಕ್ಕಿಸಿಕೊಂಡು ಇಳಿದರು. ಅಂಗೈಯಲ್ಲಿ ರಕ್ತ, ಮುಖದಲ್ಲಿ ನಗು.

"ಏನಂತ ಕರುದ್ರಿ?"

ನಾನು ಅವರ ಅಂಗೈಯ ರಕ್ತವನ್ನೇ ನೋಡಿದೆ. ಅವರು ಮತ್ತೆ ಅಟ್ಟದತ್ತ ತಲೆ ಎತ್ತಿದರು.

"ನಾಕ್ನೇ ಮೂಲೆ ಕಾಣ್ಲಿಲ್ಲ. ಇನ್ನೊಂದ್ಸಲ ಹತ್ತಿ..."

"ಬೇಡ! ಥೀಸಿಸ್ ಹಾಳಾಗ್ಲಿ. ಹತ್ತಬೇಡಿ."

ಅವರ ನಗು ಆರಿತು.

"ತಪ್ಪಾಯ್ತು. ನಾಕೂ ಮೂಲೆ ಮೊದಲ್ನೇ ದಿನಾನೇ ನೋಡಿದ್ದೆ. ನೀವಂದ್ಕಂಡಿದ್ದೇ ಸರಿ, ನಿಲ್ದಾಣ ಹಳಿ ಆಚೆಗೇ ಇದ್ದದ್ದು. ಎಲ್ಲಾ ಒಂದೇ ಸಲ ಹೇಳ್ಬುಟ್ರೆ ನಾಳೆಯಿಂದ ನೀವು ಬರಾಕಿಲ್ವಲ್ಲಾ ಅಂತ..."

"ಅದಕ್ಕೆ ಇವತ್ತು ಸುಮ್ಮನೆ ಹತ್ತಿದ್ರಾ? ಬಿದ್ದಿದ್ರೆ?"

ಕಿರುಚಿದೆ. ಪ್ಲಾಟ್‌ಫಾರಂ ಮೇಲಿದ್ದ ಯಾರೋ ತಿರುಗಿ ನೋಡಿದರು. ನೋಟ್‌ಬುಕ್ಕು ಬ್ಯಾಗಿಗೆ ತುರುಕಿ ಹೊರಟೆ. ಬಾಗಿಲ ತನಕ ಹೋದೆ. ಅಲ್ಲಿಂದಾಚೆ ಕಾಲು ಬರಲಿಲ್ಲ.

"ನನಗೆ ಭಯ ಆಗುತ್ತೆ," ಎಂದೆ ತಿರುಗದೆ. "ನಿಮ್ಮನ್ನ ಕಂಡ್ರೆ ಇಷ್ಟ. ಅದಕ್ಕೇ ಭಯ. ನೀವೂ ಹೋಗ್ಬಿಟ್ರೆ?"

ಅವರು ಹತ್ತಿರ ಬಂದರು. ಮುಟ್ಟಲಿಲ್ಲ.

"ಹೋಗಲ್ಲ ಅಂತ ಭಾಷೆ ಕೊಡಾಕ್ ಆಯ್ತದಾ, ಯಶೋಧರಾ? ಸುಳ್ಳಾಯ್ತದೆ. ಕೊಳೆತ ಹಲಗೆ ಮ್ಯಾಲೆ ಕಾಲಿಡಾಕಿಲ್ಲ. ಅಷ್ಟು ಕೊಡ್ತೀನಿ."

ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ತಿರುಗಿ ಅವರ ಅಂಗೈ ಹಿಡಿದೆ. ಸೀರೆಯ ಪಿನ್ನು ತೆಗೆದು, ಒಳಗೆ ಮುರಿದಿದ್ದ ಮರದ ಸಿಬಿರನ್ನು ಮೆಲ್ಲಗೆ ಎಬ್ಬಿಸಿದೆ. ಪಿನ್ನು ಎರಡು ಸಲ ಜಾರಿ ಚುಚ್ಚಿತು. ಅವರು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

"ನಾಳೆ ಬತ್ತೀರಾ?" ಎಂದರು. "ಹೇಳಾಕೆ ಇನ್ನೇನೂ ಉಳೀಲಿಲ್ಲ."

"ಬರ್ತೀನಿ," ಎಂದೆ. "ಏನೂ ಹೇಳಬೇಡಿ."