ಏಕನಾಥ ಮಾಸ್ತರರ ಕಂಪ್ಯೂಟರು

ಭೀಮಾಬಾಯಿ ಬಾಗಿಲು ದೂಡಿದರು. ಅಗಳಿ ಹಾಕಿರಲಿಲ್ಲ. ಅಣ್ಣಿಗೇರಿಯ ಮಗಳ ಮನೆಯಿಂದ ತಂದಿದ್ದ ಉಂಡಿಯ ಡಬ್ಬಿ ಕೈಯಿಂದ ಜಾರಿ ಬಿತ್ತು.

ಪಡಸಾಲೆಯ ಮೇಜಿನ ಮೇಲೆ ಮಗ ಏಕನಾಥ ಬೋರಲಾಗಿ ಬಿದ್ದಿದ್ದ. ಬಲಗೈ ಕಂಪ್ಯೂಟರಿನ ತೆರೆದ ತಗಡಿನ ಪೆಟ್ಟಿಗೆಯೊಳಗಿತ್ತು. ಎದುರಿನ ಪರದೆಯ ಮೇಲೆ ಹಸಿರು ಗೆರೆಯೊಂದು ಮಿಣುಕುತ್ತಲೇ ಇತ್ತು.

ಅವರ ಚೀರಾಟಕ್ಕೆ ಸಂಶಿ ಊರಿನ ಅರ್ಧ ಓಣಿ ಓಡಿ ಬಂತು. "ಕರೆಂಟ್ ಹೊಡದೈತಿ" ಎಂದು ತೀರ್ಪೂ ಆಗಿಹೋಯಿತು. ತೀರ್ಪು ಕೊಡಲು ನಮ್ಮ ಜನಕ್ಕೆ ಕೋರ್ಟು ಕಚೇರಿ ಬೇಕೆ?

ಸಬ್‌ಇನ್ಸ್‌ಪೆಕ್ಟರ್ ಕರಿಸಿದ್ದಪ್ಪ ಕುಂದಗೋಳದಿಂದ ಜೀಪಿನಲ್ಲಿ ಬಂದಾಗ ಭಾನುವಾರ ಬೆಳಗಿನ ಒಂಬತ್ತು ಗಂಟೆ. ೧೯೮೮ರ ಮಾರ್ಚ್. ಬಿಸಿಲು ಆಗಲೇ ಚುರುಗುಡುತ್ತಿತ್ತು. ಅವನು ಮೊದಲು ಗೋಡೆಯ ಸ್ವಿಚ್ಚು ಆರಿಸಿದ. ಆಮೇಲೆ ಹೆಣದ ತಲೆ ನೋಡಿದ. ತಲೆಯ ಹಿಂದೆ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಬೆರಳುಗಳಲ್ಲಿ ಸುಟ್ಟ ಗುರುತಿರಲಿಲ್ಲ.

"ಶಾಕ್ ಒಗದಾಗ ಗ್ವಾಡಿಗೆ ಬಡದಿರಬೇಕ್ರಿ," ಎಂದ ಹವಾಲ್ದಾರ ಅಂದಾನೆಪ್ಪ.

"ಗ್ವಾಡಿಗೆ ಬಡದಾವ ತಿರುಗಿ ಬಂದು ಮೇಜಿನ ಮ್ಯಾಲೆ ಮಕ್ಕೊಂಡನೇನಲೇ?"

ಆದರೆ ಸಂಶಯ ಬೇರೆ, ಸಾಕ್ಷಿ ಬೇರೆ. ಹುಬ್ಬಳ್ಳಿಯ ಡಾಕ್ಟರರ ವರದಿಗೆ ಮೂರು ದಿನ ಬೇಕು. ಸತ್ತವನ ಕಿಸೆಯಲ್ಲಿ ಒಂದು ಪೋಸ್ಟ್‌ಕಾರ್ಡು ಸಿಕ್ಕಿತು. ಮುಂಬಯಿಯ ವ್ಯಾಪಾರಿಯೊಬ್ಬನಿಗೆ ಬರೆದದ್ದು, ಮೇಲೆ ಶನಿವಾರದ ತಾರೀಖು. "ನೀವು ಕಳಿಸಿದ್ದು ನನ್ನ ಯಂತ್ರಕ್ಕೆ ಹೊಂದಲಿಲ್ಲ. ವಾಪಸು ಕಳಿಸುತ್ತೇನೆ, ಬದಲಿ ಕಳಿಸಿರಿ." ಅಷ್ಟೇ ಇತ್ತು. ಕರಿಸಿದ್ದಪ್ಪ ಅದನ್ನು ಡೈರಿಯೊಳಗಿಟ್ಟ.

*

ಏಕನಾಥ ಹೈಸ್ಕೂಲಿನ ಗಣಿತದ ಮಾಸ್ತರ. ಮದುವೆಯಿಲ್ಲ, ಬೀಡಿ, ಎಲೆಅಡಿಕೆಯಿಲ್ಲ. ಇದ್ದದ್ದೊಂದೇ ಹುಚ್ಚು: ಊರು ಬಿಡುವ ಮೊದಲು ತನ್ನ ಶಾಲೆಯ ಮಕ್ಕಳು ಕಂಪ್ಯೂಟರು ಮುಟ್ಟಿ ನೋಡಬೇಕು. ಸಿದ್ಧ ಯಂತ್ರ ಮಾಸ್ತರನ ಕೈಗೆಟುಕುವಂಥದ್ದಲ್ಲ. ಹಾಗಾಗಿ ಎರಡು ವರ್ಷ ಒಂದೊಂದೇ ಭಾಗ ತರಿಸಿದ. ಯಾವ ಬೋರ್ಡಿಗೆ ಯಾವ ಕಾರ್ಡು, ಯಾವ ಕಾರ್ಡಿಗೆ ಯಾವ ಪರದೆ ಎಂದು ಜಾತಕ ಕೂಡಿಸಿದ ಹಾಗೆ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. ಜೋಡಿಸಿದವಳು ರಜಿಯಾಬಿ. ಗಂಡ ಸತ್ತ ಮೇಲೆ ಅವನ ರೇಡಿಯೋ ರಿಪೇರಿ ಅಂಗಡಿಯನ್ನು ತಾನೇ ನಡೆಸುತ್ತಿದ್ದ ಹೆಣ್ಣುಮಗಳು.

ಅವಳು ಸುದ್ದಿ ಕೇಳಿ ಓಡಿ ಬಂದಳು. ಹೊಸ್ತಿಲು ದಾಟುವ ಮೊದಲೇ ಭೀಮಾಬಾಯಿ ಅಂಗಳದ ಮಣ್ಣು ಬಾಚಿ ಅವಳ ಮೇಲೆ ತೂರಿದರು.

"ನನ್ನ ಮಗನ್ನ ತಿಂದ್ಯಲ್ಲೇ! ಬರಲಾರದ ಕೆಲಸಕ್ಕ ಯಾಕ ಕೈ ಹಾಕಿದಿ?"

ರಜಿಯಾಬಿ ಮಣ್ಣು ಝಾಡಿಸಿಕೊಳ್ಳಲಿಲ್ಲ. "ನಾ ಜೋಡಸಿದ್ದು ಶಾಕ್ ಹೊಡ್ಯಾಂಗಿಲ್ರಿ ಅವ್ವಾರ," ಎಂದಳು, ಅಷ್ಟೇ.

"ಅಲಕ್ಷ್ಯದಿಂದ ಸಾವು ಅಂತ ಬರಕೊಂಡು ಈಕೀನ್ನ ಒಳಗ ಹಾಕೂಣೇನ್ರಿ?" ಎಂದು ಅಂದಾನೆಪ್ಪ ಕಿವಿಯಲ್ಲಿ ಉಸುರಿದ. ಊರಿಗೂ ಅದೇ ಬೇಕಿತ್ತು.

ಅಷ್ಟರಲ್ಲಿ ಶಾಲೆಯ ಗುಮಾಸ್ತ ಬಾಳಕೃಷ್ಣ ಮುಂದೆ ಬಂದ. ಇಸ್ತ್ರಿಯ ಅಂಗಿ, ಒದ್ದೆ ಕಣ್ಣು.

"ನಿನ್ನೆ ನಾಕು ಗಂಟೇಕ್ಕ ನಾ ಇಲ್ಲೇ ಇದ್ದೆ ಸಾಹೇಬ್ರ. ಮಷೀನ್ ಚಾಲೂ ಇತ್ತು. ಏಕನಾಥ ಗುಂಡಿ ಒತ್ತಿ ತನ್ನ ಹೆಸರು ಹೊಡದ, ಪರದೆ ಮ್ಯಾಲೆ ಮೂಡಿತು. ನೀನೂ ಹೊಡಿ ಅಂದ. ನಾನೂ ನನ್ನ ಹೆಸರು ಹೊಡದೆ. ಸಣ್ಣ ಹುಡುಗನಂಗ ಕುಣದ್ನರಿ. ಪೆಟ್ಟಿಗಿ ಮುಟ್ಟಿದರ ಜುಂ ಅಂತದ ಅಂತನೂ ಹೇಳಿದ. ಹುಷಾರಪಾ ಅಂತ ಹೇಳಿ ನಾ ಬಂದೆ."

ಭೀಮಾಬಾಯಿ ಅವನ ಕೈ ಹಿಡಿದುಕೊಂಡರು. "ನೋಡಿದನಲ್ಲಾ? ಹೆಸರು ಮೂಡಿದ್ದು ನೋಡೇ ಕಣ್ಣು ಮುಚ್ಚಿದನಲ್ಲಾ?"

"ನೋಡಿದ ಕಾಕೂ. ಕಣ್ಣತುಂಬ ನೋಡಿದ."

ಮುದುಕಿಯ ಅಳು ಆ ಮಾತಿಗೆ ಒಂದು ಗಳಿಗೆ ನಿಂತಿತು. ಬಂದವರಿಗೆಲ್ಲ ಅದನ್ನೇ ಹೇಳತೊಡಗಿದರು: ನನ್ನ ಏಕನಾಥ ನೋಡಿದ, ನೋಡೇ ಹೋದ. ಕರಿಸಿದ್ದಪ್ಪನಿಗೂ ತನ್ನ ಊರಲ್ಲಿ ತಾಯಿಯಿದ್ದಳು.

ಭೀಮಾಬಾಯಿ ಇನ್ನೆರಡು ಮಾತು ಹೇಳಿದರು. ಅಡಿಗೆಮನೆಯ ಕುಟ್ಟುಗಲ್ಲು ಕಾಣುತ್ತಿಲ್ಲ. ಶನಿವಾರ ಬೆಳಿಗ್ಗೆ ತಾವು ಅಣ್ಣಿಗೇರಿಗೆ ಹೊರಟಾಗ ಮಗ ಮೂರು ದಿನದಿಂದ ಬೇಜಾರಿನಲ್ಲಿದ್ದ. "ಸಾಲಿ ಕಪಾಟಿನಾಗ ಏನೋ ತಪ್ಪು ನಡದದ, ಸೋಮವಾರ ಹೆಡ್‌ಮಾಸ್ತರಿಗೆ ಹೇಳತೀನಿ ಅಂತಿದ್ದ."

*

ಸಂಜೆ ಠಾಣೆಯ ಬೆಂಚಿನ ಮೇಲೆ ರಜಿಯಾಬಿ ಕೂತಿದ್ದಳು. ಬೆರಳುಗಳ ತುಂಬ ಬೆಸುಗೆಯ ಸುಟ್ಟ ಕಲೆ. ಇವಳನ್ನು ಒಳಗೆ ಹಾಕಿದರೆ ಅಂಗಡಿ ಮುಚ್ಚಿದಂತೆ. ಬಿಟ್ಟರೂ, ಮಾಸ್ತರನನ್ನು ಕೊಂದವಳ ಕೈಗೆ ಯಾರು ರೇಡಿಯೋ ಕೊಟ್ಟಾರು?

"ಶನಿವಾರ ಮಾಸ್ತರನ ಮನಿಗೆ ಹೋಗಿದ್ದೇನವಾ?"

"ಹೌದ್ರಿ. ಮಧ್ಯಾಹ್ನ ಸಾಲಿ ಬಿಟ್ಟ ಮ್ಯಾಲೆ ಹೋಗಿದ್ದೆ. ಮೂರಕ್ಕ ತಿರುಗಿ ಬಂದೆ."

ಕರಿಸಿದ್ದಪ್ಪ ಪೋಸ್ಟ್‌ಕಾರ್ಡು ತೆಗೆದು ಓದಿ ಹೇಳಿದ. "ಹೊಂದಲಿಲ್ಲ ಅಂತ ಬರದಾನ. ಏನು ಹೊಂದಲಿಲ್ಲ?"

ರಜಿಯಾಬಿ ಹೇಳಿದಳು. ಅವನು ಕುರ್ಚಿಯಿಂದ ಎದ್ದೇಬಿಟ್ಟ.

"ಇನ್ನೊಮ್ಮೆ ಹೇಳು."

ಅವಳು ಇನ್ನೊಮ್ಮೆ ಹೇಳಿದಳು.

ಸೋಮವಾರ ಬೆಳಿಗ್ಗೆ ಅವನು ಪೇಪರಿನಲ್ಲಿ ಸುತ್ತಿದ ಒಂದು ವಸ್ತು ಹಿಡಿದು ಹುಬ್ಬಳ್ಳಿಗೆ ಹೋದ. ಮಧ್ಯಾಹ್ನ ಶಾಲೆಗೆ ಬಂದು ಹೆಡ್‌ಮಾಸ್ತರರ ಎದುರು ಒಂದು ಕಪಾಟು ತೆರೆಸಿದ.

*

ಮಂಗಳವಾರ ಅದೇ ಪಡಸಾಲೆ. ಭೀಮಾಬಾಯಿ ಗೋಡೆಗಾತು ಕೂತಿದ್ದರು. ಬಾಳಕೃಷ್ಣ, ರಜಿಯಾಬಿ, ಅಂದಾನೆಪ್ಪ ನಿಂತಿದ್ದರು.

"ಚಾಲೂ ಮಾಡು," ಎಂದ ಕರಿಸಿದ್ದಪ್ಪ.

ಅಂದಾನೆಪ್ಪನ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. "ಬ್ಯಾಡ್ರಿ ಸಾಹೇಬ್ರ..."

ರಜಿಯಾಬಿ ಬಂದು ತಗಡಿನ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. "ಜೋಡಸಿದಾಕಿ ನಾ. ಮೊದಲ ನನ್ನ ಕೈ ಇರಲಿ."

ಕರಿಸಿದ್ದಪ್ಪ ಎದೆ ಗಟ್ಟಿಮಾಡಿಕೊಂಡು ಅವಳ ಕೈಯ ಬಾಜೂ ತನ್ನ ಕೈ ಇಟ್ಟ. ಸ್ವಿಚ್ಚು ಬಿತ್ತು. ಪೆಟ್ಟಿಗೆ ಗುಂಯ್‌ಗುಟ್ಟಿತು, ಪರದೆಯಲ್ಲಿ ಹಸಿರು ಗೆರೆ ಮಿಣುಕಿತು. ಶಾಕ್ ಇಲ್ಲ, ಜುಂ ಎನ್ನಲೂ ಇಲ್ಲ.

"ಗುಮಾಸ್ತರ, ಶನಿವಾರ ಹೊಡದಂಗ ನಿಮ್ಮ ಹೆಸರು ಹೊಡೀರಿ."

ಬಾಳಕೃಷ್ಣ ಕೀಬೋರ್ಡಿನ ಮುಂದೆ ಕೂತ. ಪಳಗಿದ ಬೆರಳು, ಟಕಟಕ ಓಡಿತು. ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಹೊಡೆದ. ಗೆರೆ ತನ್ನ ಪಾಡಿಗೆ ಮಿಣುಕುತ್ತಿತ್ತು.

"ಕೆಟ್ಟದ್ರಿ. ಅವನಿಗೆ ಶಾಕ್ ಹೊಡದಾಗ ಇದೂ ಸುಟ್ಟದ."

"ಈ ಕೀಬೋರ್ಡು ಸುಟ್ಟಿಲ್ಲ. ನಿನ್ನೆ ಹುಬ್ಬಳ್ಳ್ಯಾಗ ಒಂದು ಆಫೀಸಿನ ಹೊಸಾ ಮಷೀನಿಗೆ ಹಚ್ಚಿ ನೋಡೀನಿ. ನಾ ಒಂದ ಬೆರಳಲೆ ಕುಟ್ಟಿದರೂ ಅಕ್ಷರ ಮೂಡಿದ್ವು. ರಜಿಯಾಬಿ, ಹೇಳು."

"ಇದು ಹೊಸಾ ತರದ ಮಷೀನಿನ ಕೀಬೋರ್ಡ್ರಿ. ಮಾಸ್ತರದು ಹಳೇ ತರದ ಬೋರ್ಡು. ಎರಡರ ಪಿನ್ನೂ ಒಂದ ಅಳತಿ. ಗಟ್ಟಿ ಕೂಡತೈತಿ, ಆದರ ಇದರ ಮಾತು ಅದಕ್ಕ ತಿಳ್ಯಾಂಗಿಲ್ಲ. ಶನಿವಾರ ಮೂರರ ತನಕ ಒದ್ದಾಡಿ ಸಾಕಾಗಿ, ಮಾಸ್ತರು ವಾಪಸ್ ಕಳಿಸೂಣು ಅಂದ್ರು."

"ಅದಕ್ಕ ಈ ಪೋಸ್ಟ್‌ಕಾರ್ಡು," ಎಂದ ಕರಿಸಿದ್ದಪ್ಪ. "ಗುಮಾಸ್ತರ, ಇಪ್ಪತ್ತು ವರ್ಷ ಸಾಲಿ ಟೈಪ್‌ರೈಟರ್ ಬಡದವರು ನೀವು. ಗುಂಡಿ ಒತ್ತಿದರ ಅಕ್ಷರ ಬೀಳಾಕ ಬೇಕು ಅಂತ ತಿಳದ್ರಿ. ಅದಕ್ಕ, ನೀವು ಹೊಂಟಾಗ ಮಾಸ್ತರ ಜೀವಂತ ಇದ್ದ ಅಂತ ನಂಬಸಾಕ ಹೆಸರಿನ ಕಥಿ ಕಟ್ಟಿದ್ರಿ. ಪರೀಕ್ಷೆಯ ಪ್ರಶ್ನೆಪತ್ರಿಕೆ ಗಂಟಿನ ಅರಗು ಒಡದು ಮತ್ತ ಅಂಟಿಸಿದ್ದು ನಿನ್ನೆ ಕಪಾಟಿನ್ಯಾಗ ಕಂಡೆ. ಕೀಲಿ ನಿಮ್ಮ ಕಡೆ ಮಾತ್ರ ಐತಿ. ಮಾಸ್ತರ ಅದನ್ನ ನೋಡಿದ್ದ, ಹೌದಿಲ್ಲೋ? ಕುಟ್ಟುಗಲ್ಲು ಎಲ್ಲೈತಿ?"

ಬಾಳಕೃಷ್ಣನ ಕಣ್ಣು ತನಗೇ ತಿಳಿಯದೆ ಹಿತ್ತಲ ಬಾಗಿಲ ಕಡೆ ಹೊರಳಿತು. ಅಂದಾನೆಪ್ಪ ಹಿತ್ತಲ ಬಾವಿಗೆ ಆಳು ಇಳಿಸಿದ. ಅರ್ಧ ತಾಸಿನಲ್ಲಿ ಕಲ್ಲು ಮೇಲೆ ಬಂತು.

"ಕಾಲಿಗೆ ಬಿದ್ದೆ," ಎಂದ ಬಾಳಕೃಷ್ಣ ಕುಸಿದು ಕೂತು. "ಬಾಯಿ ಮುಚ್ಚಿಕೊಂಡಿರು ಅಂತ ಬೇಡಿಕೊಂಡೆ. ಆಗಂಗಿಲ್ಲ ಅಂದ. ಮಷೀನ್ ಕಡೆ ತಿರುಗಿ ಕೂತ. ಅಡಿಗಿಮನಿ ಕಲ್ಲು ತಂದು ಹಿಂದಿನಿಂದ ಹೊಡದೆ. ಆಮ್ಯಾಲೆ ಅವನ ಕೈ ಪೆಟ್ಟಿಗ್ಯಾಗ ಇಟ್ಟೆ."

ಅಂದಾನೆಪ್ಪ ಅವನಿಗೆ ಬೇಡಿ ಹಾಕಿದ. ರಜಿಯಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಮೂರು ದಿನದಲ್ಲಿ ಮೊದಲ ಸಲ.

ಭೀಮಾಬಾಯಿ ಎದ್ದು ಬಂದು ಅವಳ ತಲೆ ಮುಟ್ಟಿದರು. "ತಪ್ಪಾತವ್ವಾ. ಮಣ್ಣು ತೂರಿದೆ." ಆಮೇಲೆ ಮಿಣುಕುವ ಪರದೆ ನೋಡುತ್ತ ನಿಂತರು. "ಸಾಹೇಬ್ರ, ಹಂಗಾದರ ನನ್ನ ಮಗ ತನ್ನ ಹೆಸರು ನೋಡಲೇ ಇಲ್ಲೇನ್ರಿ?"

ಕರಿಸಿದ್ದಪ್ಪ ರಜಿಯಾಬಿಯ ಕಡೆ ನೋಡಿದ. ಮುದುಕಿಯ ಕೈಯಲ್ಲಿದ್ದ ಒಂದೇ ಸಮಾಧಾನವನ್ನೂ ತಾನೇ ಕಿತ್ತುಕೊಂಡಿದ್ದ. ರಜಿಯಾಬಿಯೇ ಹೇಳಬೇಕಾಯಿತು.

"ಇಲ್ರಿ ಅವ್ವಾರ. ಒಂದು ಅಕ್ಷರಾನೂ ಮೂಡಿರಲಿಲ್ಲ."

ಭೀಮಾಬಾಯಿ ತಲೆಯಾಡಿಸಿದರು. ಕೀಬೋರ್ಡನ್ನು ಸೆರಗಿನಿಂದ ಒರೆಸಿ, ಪೇಪರು ಸುತ್ತಿ ಕರಿಸಿದ್ದಪ್ಪನ ಕೈಗೆ ಕೊಟ್ಟರು.

"ನಿಮ್ಮ ಕೇಸು ಮುಗದ ಮ್ಯಾಲೆ ಇದನ್ನ ಮುಂಬೈಕ್ಕ ಕಳಸ್ರಿ. ಬದಲಿ ಬೇಕಂತ ಬರದಾನಲ್ಲಾ."