ಸಸಿ ತುಳಿಯದ ದೆವ್ವ

ಕಣ್ಣು ನೆಟ್ಟಗಿರುವವರು ಕನ್ನಡಕದ ಅಂಗಡಿಗೆ ಬಂದರೆ ದಾರಿ ಕೇಳಲು ಬಂದಿರಬೇಕು, ಇಲ್ಲವೇ ಜಗಳಕ್ಕೆ ಬಂದಿರಬೇಕು. ಭೀಮೇಶ ಬಂದದ್ದು ಜಗಳಕ್ಕೆ.

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಬುಡ್ಡೇಸಾಬರ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಸುರೇಖಾ. ಅವಳು ಅವನನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರ ತೋರಿಸಿದಳು. ಅವನು ಮೇಲಿನಿಂದ ಶುರುಮಾಡಿ, ಎಲ್ಲರೂ ತಡವರಿಸುವ ಕೊನೆಯ ಸಾಲನ್ನೂ ದಾಟಿ, ಅದರ ಕೆಳಗಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಹೆಸರನ್ನೂ ಓದಿಬಿಟ್ಟ.

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲರಿ," ಅಂದಳು.

"ಗೊತ್ತೈತ್ರಿ. ನಿಮ್ಮ ಕಣ್ಣು ತೋರಿಸ್ಕೋರಿ ಅಂತ ಹೇಳಾಕ ಬಂದೀನಿ."

ಸುರೇಖಾ ಹುಬ್ಬೇರಿಸಿದಳು. ಹಿಂದೆ ಕುಳಿತಿದ್ದ ಬುಡ್ಡೇಸಾಬರು ಗಾಜು ಒರೆಸುವುದನ್ನು ನಿಲ್ಲಿಸಿ ಕಿವಿ ಅಗಲ ಮಾಡಿಕೊಂಡರು.

"'ತೂಬು ೨' ನೋಡಿ ನೀವು ಮಾತಾಡಿದ್ದು ಕೇಳೀನಿ," ಅಂದ ಅವನು. "ಆ ದೆವ್ವ ನಾನರೀ."

ಸುರೇಖಾಳ ಇನ್ನೊಂದು ಉದ್ಯೋಗ ಇದು. 'ಸುರೇಖಾ ನೋಡ್ಯಾಳ' ಅಂತ ಅವಳದೊಂದು ಯೂಟ್ಯೂಬ್ ಚಾನೆಲ್. ಊರಿಗೆ ಬಂದ ಪ್ರತಿ ಸಿನಿಮಾವನ್ನೂ ನೋಡಿ, ತನ್ನ ಊರಿನ ಮಾತಿನಲ್ಲೇ ಹೊಗಳುತ್ತಾಳೆ, ಇಲ್ಲವೇ ನೀರಿಳಿಸುತ್ತಾಳೆ. ಮೊದಲನೆಯ 'ತೂಬು' ಬಂದಾಗ ಕಾಲುವೆ ಸೀಮೆಯ ಜನ ಸಂಜೆಯಾದ ಮೇಲೆ ತೂಬಿನ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದರು. ಅದೇ ಆಸೆಯಿಂದ ಎರಡನೆಯದಕ್ಕೆ ಹೋದ ಜನ ನಗುತ್ತ ಹೊರಗೆ ಬಂದರು. ತೂಬಿನಿಂದ ಎದ್ದ ಹೆಣ್ಣುದೆವ್ವ, ಕೂದಲು ಇಳಿಬಿಟ್ಟುಕೊಂಡು, ಗದ್ದೆ ದಾಟಿ ನಾಯಕನನ್ನು ಕೊಲ್ಲಲು ಬರಬೇಕು. ಅದು ಸೀರೆಯ ನೆರಿಗೆ ಎತ್ತಿ ಹಿಡಿದು, ಬೆರಳ ತುದಿಯಲ್ಲಿ ಜಾಗ ಹುಡುಕಿ ಹುಡುಕಿ ಬರುತ್ತಿತ್ತು. ಆ ತುಣುಕು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು.

"ಕೊಲ್ಲಾಕ ಹೊಂಟೈತೋ, ಲಗ್ನಕ್ಕ ತಡಾ ಆಗೈತೋ ತಿಳೀಲಿಲ್ಲ" ಎಂದು ಸುರೇಖಾ ಹೇಳಿದ್ದಳು. ಆ ಮಾತು ತುಣುಕಿಗಿಂತ ಜೋರಾಗಿ ಓಡಿತ್ತು.

ಈಗ ಆ ದೆವ್ವ ಎದುರಿಗೇ ಕುಳಿತಿತ್ತು. ಎತ್ತರದ ಆಳು, ದಪ್ಪ ಮೀಸೆ, ಹೆಣ್ಣುಮಕ್ಕಳೂ ಹೊಟ್ಟೆಕಿಚ್ಚು ಪಡುವಂಥ ರೆಪ್ಪೆ.

"ಮೀಸಿ?" ಅಂದಳು, ನಗು ತಡೆದುಕೊಂಡು.

"ಕೂದಲಾ ಮುಂದ ಬಿಟ್ಟಿದ್ರಲ್ಲ, ಮುಖ ಎಲ್ಲಿ ಕಾಣತೈತಿ? ನಾ ಜವಳಗೇರಾದವ, ಟಂಟಂ ಆಟೋ ಹೊಡೀತೀನಿ. ಊರಾಗ ನಾಟಕದಾಗ ಹೆಣ್ಣಿನ ಪಾರ್ಟು ಮಾಡ್ತೀನಿ. ಹೀರೋಯಿನ್ ರಾಡ್ಯಾಗ ಇಳಿಯಂಗಿಲ್ಲ ಅಂದ್ಲು. ನನಗ ಸೀರಿ ಉಡಿಸಿದ್ರು."

"ಹಂಗಿದ್ರ ದೆವ್ವನಂಗ ನಡೀಬೇಕಿಲ್ಲೇನ್ರಿ?"

"ಡೈರೆಕ್ಟರೂ ಇದನ್ನ ಅಂದ. ಕಾಲು ಎಳಕೊಂಡು ಬಾ, ಸೆರಗು ಎಳಕೊಂಡು ಬಾ ಅಂತ ಒದರಿ ಒದರಿ ಸಾಕಾದ. ಆ ಗದ್ದಿ ಅವತ್ತು ಮುಂಜಾನೆ ನಮ್ಮವ್ವನ ಗ್ಯಾಂಗು ನಾಟಿ ಹಚ್ಚಿದ್ದು. ಇನ್ನೂ ಬೇರು ಕಚ್ಚಿರಲಿಲ್ಲ." ಅವನು ನೇರವಾಗಿ ಅವಳ ಕಣ್ಣೊಳಗೆ ನೋಡಿದ. "ಸಸಿ ತುಳೀಲೇನ್ರಿ ಹಂಗಾದ್ರ?"

ಸುರೇಖಾಳ ನಗು ನಿಂತಿತು. ಬಳಗಾನೂರಿನಲ್ಲಿ ಅವಳ ಅವ್ವ ಗಾಳೆಮ್ಮ ಈಗಲೂ ನಾಟಿಗೆ ಹೋಗುತ್ತಾಳೆ. ರಜೆ ಬಂತೆಂದರೆ ಸುರೇಖಾಳೂ ಸೊಂಟಕ್ಕೆ ಸೆರಗು ಬಿಗಿದು ಇಳಿದವಳೇ. ರಾಜ್ಯವೆಲ್ಲ ನಕ್ಕರೆ ನಗಲಿ, ತನ್ನ ಕಣ್ಣಿಗೆ ಇದು ಹೇಗೆ ಕಾಣದೆ ಹೋಯಿತು ಎಂದು ಅವಳಿಗೆ ನಾಚಿಕೆಯಾಯಿತು. ಆದರೆ ಬಗ್ಗುವ ಜಾತಿಯಲ್ಲ ಅವಳು.

"ಪಿಕ್ಚರ್ ಚಲೋ ಇಲ್ಲ. ಅದನ್ನ ಮಾತ್ರ ವಾಪಸ್ ತಗೊಳ್ಳಂಗಿಲ್ಲ," ಅಂದಳು.

"ತಗೋಬ್ಯಾಡ್ರಿ. ಇಂಟರ್ವಲ್ ಆದಮ್ಯಾಲ ನನಗೂ ನಿದ್ದಿ ಬಂತು."

ಆಗ ಇಬ್ಬರೂ ನಕ್ಕರು. ಬುಡ್ಡೇಸಾಬರು ಮಾತ್ರ ಗಂಭೀರವಾಗಿ, "ಬೇಟಿ, ಗಿರಾಕಿಗೆ ನಂಬರ್ ಇಲ್ಲ ಅಂದ್ರ ಬರೀ ಗ್ಲಾಸಾದ್ರೂ ಹಾಕಿ ಕೊಡು. ಟಂಟಂ ಹೊಡಿಯಾಂವ, ಧೂಳು ಬೀಳತೈತಿ," ಅಂದರು.

ಫ್ರೇಮ್ ಹಾಕಿ ಸರಿಮಾಡಬೇಕಲ್ಲ. ಅವಳ ಬೆರಳು ಅವನ ಕಿವಿಯ ಹಿಂದೆ ಹೋದಾಗ ಅವನು ಉಸಿರು ಬಿಗಿಹಿಡಿದ. ಎಡಗಡೆ ಬಿಗಿಯೇ ಎಂದು ಕೇಳಿದಳು. ಹೌದೆಂದ. ಬಿಚ್ಚಿ ಸಡಿಲ ಮಾಡಿ ಹಾಕಿದಳು. ಈಗ ಬಲಗಡೆ ಬಿಗಿ ಎಂದ. ಅವನ ತುಟಿಯ ತುದಿಯಲ್ಲಿದ್ದ ಕಳ್ಳ ನಗು ಕಂಡಮೇಲೂ ಅವಳು ಬಲಗಡೆಯನ್ನು ಮತ್ತೊಮ್ಮೆ ಸರಿಮಾಡಿದಳು.

ಮರುದಿನ ಮ್ಯಾಟಿನಿಗೆ ಒಬ್ಬಳೇ ಹೋದಳು. ಇದ್ದ ಅಷ್ಟಿಷ್ಟು ಜನ ಆ ದೃಶ್ಯಕ್ಕೇ ಕಾದಿದ್ದವರಂತೆ ಮೊಬೈಲ್ ಎತ್ತಿ ಹಿಡಿದು ಕೇಕೆ ಹಾಕಿದರು. ಸುರೇಖಾ ಕಾಲುಗಳನ್ನಷ್ಟೇ ನೋಡಿದಳು. ಹಿಮ್ಮಡಿ ಮೇಲಿಟ್ಟು, ಎಳೆಯ ಸಸಿಗಳ ನಡುವೆ ಒಂದು ಬೆರಳಿನ ಜಾಗ ಹುಡುಕುತ್ತಿದ್ದ ಕಾಲುಗಳು. ಹೀಗೆ ಕಾಲಿಡುವವನ ಮನೆಯಲ್ಲಿ ಬಾಳುವುದು ಹೇಗಿರಬಹುದು ಎಂಬ ಯೋಚನೆ ಬಂದದ್ದೇ ಅವಳಿಗೆ ಕತ್ತಲಲ್ಲೂ ಮುಖ ಬಿಸಿಯಾಯಿತು.

ಹೊರಗೆ ಬಂದರೆ ಟಂಟಂ ನಿಂತಿತ್ತು. ಬರಿಗಾಜಿನ ಕನ್ನಡಕ ಹಾಕಿಕೊಂಡು ಅವನು ಸೀಟು ಒರೆಸುತ್ತಿದ್ದ.

"ಮತ್ತ ನಗಾಕ ಹೋಗಿದ್ರೇನು?"

"ಇಲ್ಲ. ಕಣ್ಣು ಚೆಕ್ ಮಾಡಿಸ್ಕೊಂಡು ಬಂದೆ," ಅಂದಳು.

ಆಮೇಲೆ ಬಳಗಾನೂರಿನ ಬಸ್ಸು ಅವಳಿಗೆ ಮೇಲಿಂದ ಮೇಲೆ ತಪ್ಪತೊಡಗಿತು, ಭೀಮೇಶನ ಟಂಟಂ ಸಿಗತೊಡಗಿತು. ನೀವು ಹೋಗಿ ನೀ ಬಂತು. ಕನ್ನಡಕದ ಸ್ಕ್ರೂ ವಾರಕ್ಕೊಮ್ಮೆ ಸಡಿಲವಾಯಿತು. ಪ್ರೀತಿಯ ಮಾತನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ, ಲಗ್ನದ ಮಾತನ್ನೇ ನೇರವಾಗಿ ಆಡಿದರು.

ಲಗ್ನಕ್ಕೆ ಮಾವ ಒಪ್ಪಬೇಕಿತ್ತು. ಗಾಳೆಮ್ಮನ ತಮ್ಮ ಗಂಗಾಧರ, ಲಿಂಗಸುಗೂರಿನಲ್ಲಿ ಹೈಸ್ಕೂಲ್ ಮಾಸ್ತರ. ತಂದೆಯಿಲ್ಲದ ಸುರೇಖಾಳನ್ನು ಓದಿಸಿದವರು ಅವರೇ. ಅವರ ಮಾತಿಲ್ಲದೆ ಆ ಮನೆಯಲ್ಲಿ ಯಾವುದೂ ನಡೆಯುವುದಿಲ್ಲ. ಅಷ್ಟರಲ್ಲಿ ಸಿನಿಮಾದ ಡೈರೆಕ್ಟರ್ ಯಾವುದೋ ಸಂದರ್ಶನದಲ್ಲಿ, ಊರಿನ ಡೂಪೊಬ್ಬ ಇಡೀ ಪಿಕ್ಚರ್ ಕೆಡಿಸಿದ ಎಂದುಬಿಟ್ಟಿದ್ದ. ಯಾರು ಆ ಡೂಪು ಎಂದು ಜನ ಹುಡುಕುತ್ತಿದ್ದರು.

ಇಬ್ಬರೂ ಲಿಂಗಸುಗೂರಿಗೆ ಹೋಗಿ ಎಲ್ಲವನ್ನೂ ಹೇಳಿದರು. ಮಾವ ಚಹಾ ಕೊಡಿಸಿದರು. ಬುದ್ಧನ ಪಟದ ಕೆಳಗೆ ಕುಳಿತು, ಸಮಾಧಾನದಿಂದಲೇ ಮಾತಾಡಿದರು.

"ಹುಡುಗ ಚಲೋ ಇದ್ದಾನ. ಆದ್ರ ನೋಡಪಾ, ಮಂದಿ ನಗೂದನ್ನ ನಮ್ಮಪ್ಪ, ಅವರಪ್ಪ ಸಾಕಷ್ಟು ನೋಡ್ಯಾರ. ಅದನ್ನ ದಾಟಿ ಬರಾಕ ನಾವು ಓದೇವಿ. ಮತ್ತ ನಗಿಸ್ಕೊಳ್ಳಾಕ ನಾ ತಯಾರಿಲ್ಲ. ಮುಖ ಅಂತೂ ಕಾಣಂಗಿಲ್ಲ. ಅದು ನಾನಲ್ಲ ಅಂದುಬಿಡು, ಲಗ್ನ ನಾ ನಿಂತು ಮಾಡಿಸ್ತೀನಿ."

ಭೀಮೇಶ ಸುರೇಖಾಳ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಆತ್ರಿ ಸರ್. ನಾನಲ್ಲ ಅಂತೀನಿ."

"ನಾ ಒಲ್ಲೆ," ಅಂದಳು ಸುರೇಖಾ.

"ಏನು ಒಲ್ಲಿ?"

"ಸುಳ್ಳು ಒಲ್ಲೆ ಮಾವ. ಅದು ಇವ ಅಲ್ಲ ಅಂದ್ರ ನಾ ಯಾರನ್ನ ಲಗ್ನ ಆಗ್ಲಿ? ನಾ ಪ್ರೀತಿ ಮಾಡಿದ್ದೇ ಆ ದೆವ್ವನ್ನ."

ಅವಳು ಪ್ರೀತಿ ಎಂಬ ಮಾತನ್ನು ಮೊದಲ ಸಲ ಆಡಿದ್ದು ಹಾಗೆ, ಮಾವನ ಎದುರಿಗೆ, ಅರ್ಧ ಕುಡಿದ ಚಹಾ ಕೆಳಗಿಟ್ಟು. ಮಾವ ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

ಸಿಂಧನೂರಿನ ಬಸ್ಸು ಮಸ್ಕಿಯಲ್ಲಿ ನಿಂತಾಗಲೂ ಭೀಮೇಶನ ಸಿಟ್ಟು ಇಳಿದಿರಲಿಲ್ಲ.

"ಒಂದು ಮಾತು, ಸುರೇಖಾ. ಅಂದಿದ್ರ ಕೆಲಸ ಆಗ್ತಿತ್ತು. ನಿನಗೇನು ಕಳಕೊಳ್ಳೂದಿತ್ತು?"

"ನಿನ್ನ ಕಳಕೊಳ್ತಿದ್ದೆ. ಜೀವನಪೂರ್ತಿ ನಾನಲ್ಲ ನಾನಲ್ಲ ಅಂತ ತಲಿ ತಗ್ಗಿಸಿ ತಿರುಗಾಡಾಂವ ನನಗ ಬ್ಯಾಡ. ಇಳಿ."

ಬಸ್ಸಿನಿಂದ ಇಳಿದರು. ಹಿಂದೆ ಮಸ್ಕಿಯ ಗುಡ್ಡ, ಮುಂದೆ ಅವಳ ಮೊಬೈಲ್. ಅವಳು ಕೂದಲು ಸರಿಮಾಡಿಕೊಂಡಳು, ಅವನ ಕನ್ನಡಕವನ್ನೂ ನೇರ ಮಾಡಿದಳು.

"ನಾ ಸುರೇಖಾ. 'ತೂಬು ೨' ಎರಡು ಸಲ ನೋಡೀನಿ. ಪಿಕ್ಚರ್ ಸುಮಾರೈತಿ, ಎರಡನೇ ಸಲನೂ ಸುಮಾರ ಇತ್ತು. ಆದ್ರ ದೆವ್ವನ ಮ್ಯಾಲ ನಾ ನಕ್ಕಿದ್ದು ತಪ್ಪು. ಮುಂಜಾನೆ ಹಚ್ಚಿದ ಗದ್ದ್ಯಾಗ ನಡೀಬೇಕಾದ್ರ ಹಂಗ ನಡೀಬೇಕು. ಕೆಡಿಸಿದ ಡೂಪು ಯಾರು ಅಂತ ಹುಡುಕಾಕತ್ತೀರಲ್ಲ, ಇವನ ನೋಡ್ರಿ, ಜವಳಗೇರಾದ ಭೀಮೇಶ. ಈ ದೆವ್ವ ನನ್ನದು. ನಗೋರು ನಗ್ರಿ, ಆದ್ರ ಇವನ ಮುಖ ನೋಡಿ ನಗ್ರಿ."

ಭೀಮೇಶ ತಗ್ಗಿಸಿದ್ದ ತಲೆ ಎತ್ತಿದ, ಅಷ್ಟೇ. ಆ ವಿಡಿಯೋ ನೋಡಿದವರಲ್ಲಿ ಅನೇಕರು ನಕ್ಕರು, ಕೆಲವರು ಬೈದರು. ಆದರೆ ಕಾಲುವೆ ಸೀಮೆಯ ಹೆಂಗಸರು ಸಸಿಗಳ ನಡುವೆ ನಡೆಯುವ ತಮ್ಮ ಕಾಲುಗಳ ವಿಡಿಯೋ ಮಾಡಿ ಅವಳಿಗೆ ಕಳಿಸತೊಡಗಿದರು.

ಭಾನುವಾರ ಬಳಗಾನೂರಿನ ಗದ್ದೆಯಲ್ಲಿ ಗಾಳೆಮ್ಮನ ಗ್ಯಾಂಗು ನಾಟಿ ಹಚ್ಚುತ್ತಿತ್ತು. ರಜೆಯಾದ್ದರಿಂದ ಸುರೇಖಾಳೂ ಇಳಿದಿದ್ದಳು. ಹೆಂಗಸರನ್ನು ಕರೆತಂದಿದ್ದ ಭೀಮೇಶ ಆಚೆ ಬದುವಿನ ಮೇಲೆ ಕುಳಿತು ಸಸಿಯ ಕಟ್ಟು ಎಸೆಯುತ್ತಿದ್ದ. ಆಗ ಕಾಲುವೆ ರಸ್ತೆಯಲ್ಲಿ ಗಂಗಾಧರ ಮಾಸ್ತರರ ಬೈಕು ನಿಂತಿತು.

ದೂರದಿಂದಲೇ ಅವರ ಸಿಟ್ಟು ಕಾಣುತ್ತಿತ್ತು. ಬರುವ ದಾರಿಯ ಬದುವನ್ನು ನೀರಿಗಾಗಿ ಕಡಿದಿದ್ದರು. ಮಾಸ್ತರರು ಒಂದು ಗಳಿಗೆ ನಿಂತರು, ಬೂಟು ಬಿಚ್ಚಿ ಒಂದು ಕೈಯಲ್ಲಿ ಹಿಡಿದರು, ಇನ್ನೊಂದು ಕೈಯಿಂದ ಇಸ್ತ್ರಿಯ ಪ್ಯಾಂಟು ಮೇಲೆತ್ತಿ, ಆಗಷ್ಟೇ ಹಚ್ಚಿದ ಗದ್ದೆಗೇ ಇಳಿದರು.

"ಸುರೇಖಾ, ಏನು ಮಾಡಿಟ್ಟಿ ನೀ," ಎನ್ನುತ್ತ ಅವರು ಬರುತ್ತಿದ್ದರು. ಹಿಮ್ಮಡಿ ಮೇಲಿಟ್ಟು, ಬೆರಳ ತುದಿಯಲ್ಲಿ, ಜಾಗ ಹುಡುಕಿ ಹುಡುಕಿ ಬರುತ್ತಿದ್ದರು.

ಮೊದಲು ಗಾಳೆಮ್ಮ ಒದ್ದೆ ಮುಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಇಡೀ ಗ್ಯಾಂಗು ಗೊಳ್ಳೆಂದು ನಕ್ಕಿತು.

ಗದ್ದೆಯ ನಡುವೆ ಮಾಸ್ತರರು ಒಂಟಿಕಾಲಲ್ಲಿ ನಿಂತುಬಿಟ್ಟರು. "ಯಾಕ ನಗ್ತೀರಿ?" ಎಂದು ಗದರಿದರು. "ಸಸಿ ತುಳೀಲೇನು ಹಂಗಾದ್ರ?"

ಹೇಳಿದ ಮಾತು ಅವರಿಗೇ ಕೇಳಿಸಿತು. ಅವರು ತಮ್ಮ ಕಾಲನ್ನು ನೋಡಿಕೊಂಡರು. ಎಷ್ಟೋ ವರ್ಷಗಳ ಹಿಂದೆ ಇದೇ ಕೆಸರಿನಲ್ಲಿ ಅಕ್ಕನ ಹಿಂದೆ ನಡೆಯಲು ಕಲಿತ ಕಾಲು.

ಆಚೆ ಬದುವಿನಿಂದ ಭೀಮೇಶ ಇಳಿದ. ಅದೇ ನಡಿಗೆಯಲ್ಲಿ ಬಂದು ಮಾಸ್ತರರ ಕೈಯಿಂದ ಬೂಟು ತೆಗೆದುಕೊಂಡು, ಇನ್ನೊಂದು ಕೈ ಚಾಚಿದ.

"ನನ್ನ ಹಿಂದ ಬರ್ರಿ ಸರ್. ಇಲ್ಲಿ ಜಾಗ ಐತಿ."

ಗಂಗಾಧರ ಆ ಕೈಯನ್ನು ನೋಡಿದರು. ಮೀಸೆಯನ್ನೂ, ಕೆಸರು ಸಿಡಿದ ಬರಿಗಾಜಿನ ಕನ್ನಡಕವನ್ನೂ ನೋಡಿದರು. ಆಮೇಲೆ ಕೈ ಹಿಡಿದರು.

"ಸರ್ ಅನ್ನಬ್ಯಾಡ," ಅಂದರು ಮೆಲ್ಲಗೆ. "ಮಾವ ಅನ್ನು."

ಸುರೇಖಾ ತಟ್ಟನೆ ಬಗ್ಗಿ ಕೆಸರಿಗೆ ಕೈ ಹಾಕಿದಳು. ಕಣ್ಣು ತುಂಬಿದ್ದು ಯಾರಿಗೂ ಕಾಣಬಾರದಿತ್ತು. ಅವಳು ಹಚ್ಚಿದ ಸಸಿ ಸಾಲು ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು.

"ಸಾಲು ಸೊಟ್ಟ ಆಗೈತಿ," ಅಂದ ಭೀಮೇಶ, ಪಕ್ಕದಲ್ಲಿ ಹಾದು ಹೋಗುತ್ತ, ಅವಳಿಗಷ್ಟೇ ಕೇಳುವಂತೆ. "ಕಣ್ಣು ತೋರಿಸ್ಕೋ."

"ನೀನ ನೋಡು," ಎಂದು ಅವಳು ಒದ್ದೆ ಕಣ್ಣನ್ನು ಹಾಗೇ ಅವನ ಕಡೆ ಎತ್ತಿದಳು.